ಮನೆಯ ಲೆಕ್ಕ ಮಕ್ಕಳಿಗೂ ಗೊತ್ತಿರಲಿ

"ಬ್ಯಾಂಕಿನಲ್ಲಿ ಎಷ್ಟು ದುಡ್ಡು ತೋರಿಸಿದರೆ ವೀಸಾ ಸಿಗುತ್ತದೆ ಸಾರ್?" ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಫೋನ್ ಕರೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು. ಅಮೆರಿಕದ ಯಾವುದೋ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೀಟು ಸಿಕ್ಕಿರುತ್ತದೆ, ಚೆನ್ನೈಗೆ ಸಂದರ್ಶನಕ್ಕೆ ಹೋಗಬೇಕಾಗಿರುತ್ತದೆ, ಮನೆಯಲ್ಲಿ ನಿದ್ದೆ ಕೆಟ್ಟಿರುತ್ತದೆ. ಕೇಳುವವರು ಹೆಚ್ಚಾಗಿ ಅಪ್ಪಂದಿರು, ಅಲ್ಲದಿದ್ದರೆ ಸೋದರಮಾವಂದಿರು. ಅಧಿಕಾರಿಯ ಎದುರು ನಿಲ್ಲಬೇಕಾದ ಮಗನೋ ಮಗಳೋ ಕೇಳುವುದು ತೀರಾ ಅಪರೂಪ. ಬ್ಯಾಂಕಿನ ಶಿಕ್ಷಣ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ತೊಡಕಿನ ಬೇರು ಇಲ್ಲೇ ಇದೆ ಅನಿಸುತ್ತದೆ. ಹಣ ಹೊಂದಿಸುವ ಚಿಂತೆ ಅಪ್ಪನದು, ಅದರ ಬಗ್ಗೆ ಉತ್ತರ ಹೇಳಬೇಕಾದವಳು ಮಗಳು. ಇಬ್ಬರೂ ಕೂತು ಆ ಮಾತನ್ನೇ ಆಡಿರುವುದಿಲ್ಲ.

ಎಷ್ಟು ತೋರಿಸಬೇಕು ಎಂಬ ಪ್ರಶ್ನೆಗೆ ಕೆಲವು ದೇಶಗಳು ನೇರ ಉತ್ತರ ಕೊಡುತ್ತವೆ. ಜರ್ಮನಿಗೆ ಹೋಗುವವರು ವರ್ಷಕ್ಕೆ 11,904 ಯೂರೋ ಒಂದು ಖಾತೆಯಲ್ಲಿ ಕಟ್ಟಿಟ್ಟು, ತಿಂಗಳಿಗೆ 992 ಯೂರೋದಂತೆ ತೆಗೆದುಕೊಳ್ಳುತ್ತಾರೆ. ಕೆನಡಾ 2025ರ ಸೆಪ್ಟೆಂಬರ್ 1ರಿಂದ, ಕ್ವಿಬೆಕ್ ಪ್ರಾಂತ್ಯ ಬಿಟ್ಟು, ಶುಲ್ಕ ಮತ್ತು ಪ್ರಯಾಣದ ಖರ್ಚಿನ ಮೇಲೆ 22,895 ಕೆನಡಾ ಡಾಲರ್ ಇರಬೇಕು ಎನ್ನುತ್ತದೆ. ಬ್ರಿಟನ್ನಿನಲ್ಲಿ ನಿಗದಿಯಾದ ಮೊತ್ತ ಸತತ 28 ದಿನ ಖಾತೆಯಲ್ಲಿ ನಿಂತಿರಬೇಕು. ಅಲ್ಲೆಲ್ಲ ಕಾಗದ ಸರಿಯಿದ್ದರೆ ಹಣದ ವಿಷಯ ಬಹುಮಟ್ಟಿಗೆ ಮುಗಿದಂತೆ. ಅಮೆರಿಕದ ದಾರಿ ಬೇರೆ. ಅಲ್ಲಿ ಎಲ್ಲರಿಗೂ ಅನ್ವಯವಾಗುವ ಒಂದೇ ಮೊತ್ತ ಇಲ್ಲ, ಇಷ್ಟು ದಿನ ಖಾತೆಯಲ್ಲಿರಬೇಕೆಂಬ ನಿಯಮವೂ ಇಲ್ಲ. ಕಿಟಕಿಯ ಆಚೆ ನಿಂತ ಅಧಿಕಾರಿಗೆ ನಂಬಿಕೆ ಬರಬೇಕು, ಅಷ್ಟೇ. ಈ 'ಅಷ್ಟೇ' ಎಂಬುದನ್ನು ಬಿಡಿಸಿ ಹೇಳುವುದಕ್ಕೇ ಇವತ್ತಿನ ಅಂಕಣ.

ಎಲ್ಲರಿಗೂ ಒಂದೇ ಮೊತ್ತ ಇಲ್ಲವಾದರೂ ನಿಮ್ಮ ಮಗುವಿನ ಮೊತ್ತ ಈಗಾಗಲೇ ಬರೆದಾಗಿದೆ. ವಿಶ್ವವಿದ್ಯಾಲಯ ಕಳಿಸುವ ಐ-20 ಎಂಬ ಪತ್ರದ ಮೊದಲ ಪುಟದಲ್ಲೇ ಅದು ಇರುತ್ತದೆ. ಒಂದು ಕಡೆ ಬೋಧನಾ ಶುಲ್ಕ, ವಾಸದ ಖರ್ಚು, ವಿಮೆ ಮುಂತಾದ ಇತರ ಖರ್ಚು. ಇನ್ನೊಂದು ಕಡೆ ಆ ಹಣ ಎಲ್ಲಿಂದ ಬರುತ್ತದೆ ಎಂಬ ವಿವರ: ಸ್ವಂತ ಹಣ ಎಷ್ಟು, ವಿಶ್ವವಿದ್ಯಾಲಯ ಕೊಡುವುದೆಷ್ಟು, ಬೇರೆ ಮೂಲದಿಂದ ಎಷ್ಟು. ಶುಲ್ಕ 32,000 ಡಾಲರ್, ಊಟ ವಸತಿ 18,000, ಇತರೆ 3,000 ಇದೆ ಅಂದುಕೊಳ್ಳಿ. ಒಟ್ಟು 53,000 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೂ 47 ಲಕ್ಷ 70 ಸಾವಿರ ರೂಪಾಯಿ ಆಯಿತು. ಇದು ಒಂದು ವರ್ಷದ ಖರ್ಚು ಮಾತ್ರ. ಎರಡು ವರ್ಷದ ಕೋರ್ಸ್ ಎಂದರೆ ಸುಮಾರು 95 ಲಕ್ಷ. ಎಷ್ಟೋ ಮನೆಗಳಲ್ಲಿ ಐ-20ಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಭದ್ರವಾಗಿ ಇಟ್ಟಿರುತ್ತಾರೆ, ಅದರ ಮೊದಲ ಪುಟವನ್ನು ಪೂರ್ತಿ ಓದಿದವರು ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡನೇ ವರ್ಷದ ಮಾತಂತೂ ಎತ್ತುವುದೇ ಇಲ್ಲ.

ಅಮೆರಿಕದ ನಿಯಮ ಕೇಳುವುದು ಇಷ್ಟು: ಅಲ್ಲಿರುವಷ್ಟು ಕಾಲದ ಖರ್ಚಿಗೆ ಸಾಕಾಗುವ ಹಣ ವಿದ್ಯಾರ್ಥಿಯ ಬಳಿ ಇರಬೇಕು, ಅಥವಾ ಅದಕ್ಕೆ ಬೇರೆ ಏರ್ಪಾಡು ಆಗಿದೆ ಎಂದು ತೋರಿಸಬೇಕು. ಮೊದಲ ವರ್ಷದ ಹಣ ಕೈಗೆ ಸಿಗುವಂತಿರಬೇಕು, ಮುಂದಿನ ವರ್ಷಗಳಿಗೂ ಹಣ ಬರುವ ದಾರಿ ನಂಬುವಂತಿರಬೇಕು. ಇದರ ಜೊತೆಗೇ ಇನ್ನೊಂದು ಕಲಂ ಕೆಲಸ ಮಾಡುತ್ತಿರುತ್ತದೆ, ಅದು 214(ಬಿ). ಅರ್ಜಿ ಹಾಕಿದವರು ಅಲ್ಲೇ ನೆಲೆಸಲು ಬರುತ್ತಿದ್ದಾರೆ ಎಂದೇ ಅಧಿಕಾರಿ ಮೊದಲು ಭಾವಿಸಬೇಕು, ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ಹಣದ ಪ್ರಶ್ನೆಯ ಹಿಂದೆ ಈ ಪ್ರಶ್ನೆಯೂ ಇದೆ. ಹಣ ಸಾಲದ ಹುಡುಗ ಓದು ಬಿಟ್ಟು ಅನುಮತಿಯಿಲ್ಲದ ಕೆಲಸಕ್ಕೆ ಇಳಿದಾನು ಎಂಬ ಅನುಮಾನ ಅವರಿಗೆ ಇದ್ದೇ ಇರುತ್ತದೆ.

ಇದಕ್ಕೆಲ್ಲ ಸಿಗುವ ಸಮಯ ಎರಡು ಮೂರು ನಿಮಿಷ. ಚೆನ್ನೈಯ ಜೆಮಿನಿ ಸರ್ಕಲ್ ಹತ್ತಿರದ ಕಾನ್ಸುಲೇಟಿನಲ್ಲಿ ಗಾಜಿನ ಆಚೆ ಅಧಿಕಾರಿ, ಈಚೆ ನಿಂತುಕೊಂಡೇ ಉತ್ತರಿಸುವ ವಿದ್ಯಾರ್ಥಿ. ಡಿಎಸ್-160 ಅರ್ಜಿ ಅವರ ಕಂಪ್ಯೂಟರಿನಲ್ಲಿ ತೆರೆದಿರುತ್ತದೆ, ಪ್ರಯಾಣದ ಖರ್ಚು ಯಾರದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೂ ಅಲ್ಲೇ ಕಾಣುತ್ತದೆ. ಬಹಳಷ್ಟು ಸಲ ಅವರು ಬ್ಯಾಂಕ್ ಕಾಗದಗಳನ್ನು ಕೇಳುವುದೇ ಇಲ್ಲ. ಓದಿಗೆ ಯಾರು ಹಣ ಕೊಡುತ್ತಾರೆ, ಅವರ ಕೆಲಸವೇನು, ವರ್ಷದ ಆದಾಯವೆಷ್ಟು, ಸಾಲ ತೆಗೆದಿದ್ದೀರಾ, ತೀರಿಸುವುದು ಹೇಗೆ ಎಂದು ಬಾಯಿಮಾತಿನಲ್ಲೇ ಕೇಳುತ್ತಾರೆ. ನನಗೆ ಗೊತ್ತಿರುವ ಒಬ್ಬ ಹುಡುಗಿ ದಪ್ಪ ಫೈಲು ಹಿಡಿದು ಹೋಗಿದ್ದಳು. ತಂದೆ ಪ್ರೌಢಶಾಲೆಯ ಮೇಷ್ಟರು, ತಾಯಿ ಅಂಗನವಾಡಿ ಕಾರ್ಯಕರ್ತೆ. ಕಾಗದಗಳಲ್ಲಿ ಒಂದೇ ಒಂದು ತಪ್ಪು ಇರಲಿಲ್ಲ, ನಾನೇ ನೋಡಿದ್ದೆ. ಅಪ್ಪನ ವರಮಾನ ಎಷ್ಟು ಎಂದಾಗ ಅವಳು ಫೈಲು ತಿರುವಲು ಶುರುಮಾಡಿದಳಂತೆ. ಸಾಲದ ಮೊತ್ತ ಕೇಳಿದಾಗಲೂ ಹಾಗೆಯೇ. ವೀಸಾ ಸಿಗಲಿಲ್ಲ. ಕಾರಣ ಇದೇ ಎಂದು ಖಚಿತವಾಗಿ ಹೇಳಲಾಗದು, ಏಕೆಂದರೆ ಕೈಗೆ ಕೊಡುವ ಚೀಟಿಯಲ್ಲಿ ಕಲಂ 214(ಬಿ) ಎಂದಿರುತ್ತದೆಯೇ ಹೊರತು ನಿಮ್ಮ ಯಾವ ಮಾತು ಹಿಡಿಸಲಿಲ್ಲ ಎಂದು ಇರುವುದಿಲ್ಲ. ಮೇಲ್ಮನವಿಗೂ ಅವಕಾಶವಿಲ್ಲ. 185 ಡಾಲರ್ ಶುಲ್ಕ ಮತ್ತೆ ಕಟ್ಟಿ, ಹೊಸ ಅರ್ಜಿ ಹಾಕಿ, ಇನ್ನೊಮ್ಮೆ ಚೆನ್ನೈಗೆ ಹೋಗಬೇಕು. ಆದರೆ ಅವಳು ಮನೆಗೆ ಬಂದು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಅಪ್ಪನ ಸಂಬಳ ಎಷ್ಟು ಅಂತ ನಾನು ಯಾವತ್ತೂ ಕೇಳೇ ಇಲ್ಲ ಅಂಕಲ್."

ಫೈಲಿನಲ್ಲಿ ಏನಿರಬೇಕು ಎಂಬುದಕ್ಕೆ ಬರುತ್ತೇನೆ. ನಮ್ಮವರು ಬಹಳ ನಂಬುವ ಕಾಗದ ಸಿ.ಎ. ಸರ್ಟಿಫಿಕೇಟ್. ಮನೆ, ಸೈಟು, ಚಿನ್ನ, ಎಲ್‌ಐಸಿ ಪಾಲಿಸಿ, ಪಿ.ಎಫ್., ಎಲ್ಲ ಕೂಡಿಸಿ ಕುಟುಂಬದ ಒಟ್ಟು ಆಸ್ತಿ ಎರಡು ಕೋಟಿ, ಮೂರು ಕೋಟಿ ಎಂದು ಬರೆದಿರುತ್ತಾರೆ. ಅದು ಇರಲಿ, ಬೇಡ ಎನ್ನುವುದಿಲ್ಲ. ಆದರೆ ಮರದಲ್ಲಿರುವ ಅಡಿಕೆ ಬೇರೆ, ಮಂಡಿಯಲ್ಲಿ ತೂಕವಾದ ಅಡಿಕೆ ಬೇರೆ. ವಾಸದ ಮನೆ ಮಾರಿ ಆಗಸ್ಟ್ ತಿಂಗಳ ಶುಲ್ಕ ಕಟ್ಟುವವರು ಯಾರೂ ಇಲ್ಲ, ಅದು ಅಧಿಕಾರಿಗೂ ಗೊತ್ತು. ಅವರಿಗೆ ಬೇಕಾದದ್ದು ಈ ವರ್ಷ ಕೈಗೆ ಬರುವ ಹಣ: ಉಳಿತಾಯ ಖಾತೆ, ನಿಶ್ಚಿತ ಠೇವಣಿ, ಮಂಜೂರಾದ ಸಾಲ, ವಿಶ್ವವಿದ್ಯಾಲಯ ಕೊಡುವ ನೆರವು. ಆಸ್ತಿ ಪತ್ರ ಇವುಗಳ ಹಿಂದೆ ನಿಂತು, ಈ ಕುಟುಂಬಕ್ಕೆ ಊರಿನಲ್ಲಿ ನೆಲೆಯಿದೆ ಎಂದು ಹೇಳುತ್ತದೆ. ಅದರ ಕೆಲಸ ಅಷ್ಟೇ.

ನನಗೆ ಅತಿ ಹೆಚ್ಚು ಕಾಳಜಿ ಇರುವುದು ಕೃಷಿಕರ ಮಕ್ಕಳ ಬಗ್ಗೆ. ತೀರ್ಥಹಳ್ಳಿ, ಶಿರಸಿ, ಪುತ್ತೂರು, ಸಕಲೇಶಪುರದ ಕಡೆಯಿಂದ ಬರುವ ಪ್ರಶ್ನೆಗಳಿಗೆ ಬೆಂಗಳೂರಿನ ಕನ್ಸಲ್ಟೆನ್ಸಿಗಳ ಬಳಿ ಸರಿಯಾದ ಉತ್ತರ ಇರುವುದಿಲ್ಲ. ಸಂಬಳದವರ ಮನೆಯಲ್ಲಿ ಫಾರ್ಮ್ 16 ಇದೆ, ಐ.ಟಿ. ರಿಟರ್ನ್ ಇದೆ, ತಿಂಗಳು ತಿಂಗಳು ಖಾತೆಗೆ ಜಮೆ ಇದೆ. ತೋಟದ ಮನೆಯಲ್ಲಿ ಇದ್ಯಾವುದೂ ಇಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಎಷ್ಟೋ ಬೆಳೆಗಾರರು ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಹಣ ಬರುವುದು ವರ್ಷದಲ್ಲಿ ಒಂದೋ ಎರಡೋ ಸಲ. ಬಂದ ಕೂಡಲೇ ಬೆಳೆ ಸಾಲಕ್ಕೆ, ಗೊಬ್ಬರಕ್ಕೆ, ಕೂಲಿಗೆ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಒಮ್ಮೆ ಎಂಟು ಲಕ್ಷ, ಆರು ತಿಂಗಳ ನಂತರ ನಲವತ್ತು ಸಾವಿರ. ಇದನ್ನು ನೋಡಿದ ಪರದೇಶದ ಅಧಿಕಾರಿಗೆ ಎಲ್ಲಿಂದಲೋ ತಂದು ಹಾಕಿದ ಹಣದಂತೆ ಕಂಡರೆ ಆಶ್ಚರ್ಯವಿಲ್ಲ. ಐದು ಎಕರೆ ಅಡಿಕೆ ತೋಟದ ನಿಜವಾದ ವರಮಾನ ಅವರಿಗೆ ಹೇಗೆ ತಿಳಿಯಬೇಕು?

ಅದಕ್ಕೆ ದಾರಿ ಇದೆ. ಅಡಿಕೆಯನ್ನು ಕ್ಯಾಂಪ್ಕೋ, ಮ್ಯಾಮ್ಕೋಸ್, ಶಿರಸಿಯ ಟಿಎಸ್ಎಸ್‌ನಂಥ ಸಹಕಾರ ಸಂಘಗಳಿಗೆ ಹಾಕುವವರ ಬಳಿ ಮಾರಾಟದ ಪಟ್ಟಿ ಇರುತ್ತದೆ. ತೂಕ, ದರ, ಕಡಿತ, ಕೈಗೆ ಬಂದ ಮೊತ್ತ ಎಲ್ಲವೂ ಅದರಲ್ಲಿ ಇರುತ್ತದೆ. ಮೂರು ವರ್ಷದ ಪಟ್ಟಿಗಳನ್ನು, ಅವೇ ಮೊತ್ತಗಳು ಜಮೆಯಾದ ಬ್ಯಾಂಕ್ ಪುಟಗಳನ್ನು, ಪಹಣಿಯನ್ನು ಒಟ್ಟಿಗೆ ಇಟ್ಟರೆ ಅದಕ್ಕಿಂತ ಬಲವಾದ ಆದಾಯದ ದಾಖಲೆ ಬೇರೆ ಬೇಕಿಲ್ಲ. ಕಾಫಿ, ಮೆಣಸಿನವರಿಗೂ ಇದೇ ಮಾತು. ಇನ್ನು ಎರಡು ಮೂರು ವರ್ಷದಲ್ಲಿ ಮಕ್ಕಳನ್ನು ಹೊರಗೆ ಕಳಿಸುವ ಯೋಚನೆ ಇರುವ ಬೆಳೆಗಾರರು ತೆರಿಗೆ ಬರದಿದ್ದರೂ ರಿಟರ್ನ್ ಸಲ್ಲಿಸಿ, ಕೃಷಿ ಆದಾಯವನ್ನು ಅದರಲ್ಲಿ ನಮೂದಿಸಲು ಈಗಲೇ ಶುರುಮಾಡಿ. ಮಾರಾಟದ ಹಣ ನಗದಾಗಿ ಕೈಸೇರುವ ಅಭ್ಯಾಸವಿದ್ದರೆ ಅದನ್ನು ಖಾತೆಗೆ ತಿರುಗಿಸಿ.

ಇಲ್ಲೇ ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಶುಲ್ಕ ರಿಯಾಯಿತಿಗೋ ವಿದ್ಯಾರ್ಥಿವೇತನಕ್ಕೋ ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಎಂದಿರುತ್ತದೆ. ವೀಸಾ ಫೈಲಿನ ಸಿ.ಎ. ಪತ್ರದಲ್ಲಿ ಅದೇ ತಂದೆಯ ಆದಾಯ ಹದಿನೆಂಟು ಲಕ್ಷ. ಎರಡೂ ಕಾಗದ ಒಂದೇ ಫೈಲಿನಲ್ಲಿ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಲಕ್ಕೆ ಬಂದಿದ್ದ ಆ ಹುಡುಗ ಅಪ್ಪನ ಆದಾಯ ಕೇಳಿದರೆ ಯಾವ ಅಂಕಿ ಹೇಳಬೇಕೆಂದು ತಿಳಿಯದೆ ಕಂಗಾಲಾಗಿದ್ದ. ಒಂದು ಮನೆಗೆ ಒಂದೇ ಆದಾಯ ಇರಬೇಕು, ಎಲ್ಲ ಕಾಗದವೂ ಅದನ್ನೇ ಹೇಳಬೇಕು. ಸುಳ್ಳು ಅಂಕಿಯ ಭಾರವನ್ನು ಇಪ್ಪತ್ತೆರಡು ವರ್ಷದ ಮಗುವಿನ ತಲೆಯ ಮೇಲೆ ಹೊರಿಸಿ ಕಳಿಸುವುದು ಅನ್ಯಾಯ.

ಸಾಲದ ಬಗ್ಗೆ ನಮ್ಮಲ್ಲಿ ಒಂದು ಸಂಕೋಚವಿದೆ. ಸಾಲ ಮಾಡಿ ಹೋಗುತ್ತಿದ್ದೇವೆ ಎಂದರೆ ಬಡವರು ಅಂದುಕೊಂಡು ವೀಸಾ ಕೊಡುವುದಿಲ್ಲವೇನೋ ಎಂದು ಹಲವರು ಕೇಳುತ್ತಾರೆ. ಅಂಥ ಭಯ ಬೇಡ. ಬ್ಯಾಂಕ್ ತನಿಖೆ ಮಾಡಿ ಮಂಜೂರು ಮಾಡಿದ ಸಾಲ ಒಳ್ಳೆಯ ಪುರಾವೆ. ಆದರೆ ಮಂಜೂರಾತಿ ಪತ್ರ ಪಕ್ಕಾ ಇರಬೇಕು: ವಿದ್ಯಾರ್ಥಿಯ ಹೆಸರು, ವಿಶ್ವವಿದ್ಯಾಲಯ, ಕೋರ್ಸ್, ಮೊತ್ತ, ಷರತ್ತು ಎಲ್ಲ ಸ್ಪಷ್ಟವಾಗಿರಬೇಕು. ಕೆಲವು ಹಣಕಾಸು ಕಂಪನಿಗಳು ಅರ್ಜಿ ಕೊಟ್ಟ ಕೂಡಲೇ ಕಳಿಸುವ 'ತಾತ್ವಿಕ ಒಪ್ಪಿಗೆ'ಯ ಪತ್ರ ಮಂಜೂರಾತಿಯಲ್ಲ. ವಿದೇಶಿ ಓದಿಗೆ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಶೇ. 15 ಭಾಗವನ್ನು ಕುಟುಂಬವೇ ಹಾಕಬೇಕು. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಭದ್ರತೆ ಬೇಕು. ಕೆಲವು ಆಯ್ದ ವಿಶ್ವವಿದ್ಯಾಲಯಗಳಿಗೆ ಸಡಿಲಿಕೆ ಕೊಡುವ ಬ್ಯಾಂಕುಗಳೂ ಇವೆ. ಇಲ್ಲೂ ಪೆಟ್ಟು ಕೃಷಿಕರಿಗೇ. ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯವಾಗುವುದಿಲ್ಲವಾದ್ದರಿಂದ ಶಿಕ್ಷಣ ಸಾಲಕ್ಕೆ ತೋಟ ಗದ್ದೆಯನ್ನು ಭದ್ರತೆಯಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಹತ್ತು ಎಕರೆ ತೋಟವಿದ್ದವರು ಪೇಟೆಯಲ್ಲಿ ಒಂದು ಸೈಟು ಇಟ್ಟುಕೊಂಡ ನೆಂಟರನ್ನು ಹುಡುಕಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ.

ಸಾಲ ತೀರಿಸುವ ಲೆಕ್ಕವನ್ನೂ ಮನೆಯಲ್ಲೇ ಹಾಕಿ ನೋಡಬೇಕು. 40 ಲಕ್ಷ ಸಾಲ, ಶೇ. 10.5 ಬಡ್ಡಿ, ಹದಿನೈದು ವರ್ಷದ ಅವಧಿ ಎಂದರೆ ತಿಂಗಳಿಗೆ ಸುಮಾರು 44,000 ರೂಪಾಯಿ ಕಂತು, ಓದುವಾಗಿನ ಬಡ್ಡಿ ಸೇರಿಸದೆಯೇ. ತೀರಿಸುವುದು ಹೇಗೆ ಎಂದು ಅಧಿಕಾರಿ ಕೇಳಿದಾಗ "ಅಲ್ಲೇ ಕೆಲಸ ಹಿಡಿದು ತೀರಿಸುತ್ತೇನೆ" ಎಂದರೆ 214(ಬಿ) ಕಲಂ ಬಾಗಿಲಲ್ಲೇ ನಿಂತಿರುತ್ತದೆ. ಓದುತ್ತಾ ದುಡಿಯುತ್ತೇನೆ ಎಂಬುದೂ ನಡೆಯುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಮೊದಲ ವರ್ಷ ಹೊರಗಿನ ಕೆಲಸ ನಿಷಿದ್ಧ. ವಿಶ್ವವಿದ್ಯಾಲಯವೇ ಸಹಾಯಕ ಹುದ್ದೆ ಕೊಟ್ಟು ಅದನ್ನು ಐ-20ಯಲ್ಲಿ ಬರೆದಿದ್ದರೆ ಅದು ಹಣದ ಲೆಕ್ಕಕ್ಕೆ ಬರುತ್ತದೆ. ಮುಂದೆ ಸಿಗಬಹುದು ಎಂಬ ನಿರೀಕ್ಷೆ ಬರುವುದಿಲ್ಲ.

ಚಿಕ್ಕಪ್ಪನೋ ಅಮೆರಿಕದಲ್ಲಿರುವ ಅಣ್ಣನೋ ಹಣ ಕೊಡುವುದಾದರೆ ಅದೂ ಸರಿಯೇ. ಆದರೆ ನೆಂಟಸ್ತನ ದೂರವಾದಷ್ಟೂ ಅವರು ಯಾಕೆ ಕೊಡುತ್ತಾರೆ ಎಂಬ ಪ್ರಶ್ನೆ ಗಟ್ಟಿಯಾಗುತ್ತದೆ. ಚಿಕ್ಕಪ್ಪನಿಗೆ ಮಕ್ಕಳಿಲ್ಲ, ಚಿಕ್ಕಂದಿನಿಂದ ಅವರೇ ಓದಿಸಿದ್ದು ಎಂಬುದು ನಿಜವಾಗಿದ್ದರೆ ಅದನ್ನೇ ನೇರವಾಗಿ ಹೇಳಿ.

ಖಾತೆಯಲ್ಲಿ ಬ್ಯಾಲೆನ್ಸ್ ತೋರಿಸಲು ಒಂದೆರಡು ತಿಂಗಳ ಮಟ್ಟಿಗೆ ಹಣ ಹಾಕಿಸಿಕೊಡುತ್ತೇವೆ, ಇಷ್ಟು ಬಡ್ಡಿ ಕೊಡಿ ಎನ್ನುವ ಮಧ್ಯವರ್ತಿಗಳು ಎಲ್ಲ ಊರುಗಳಲ್ಲೂ ಇದ್ದಾರೆ. ಇದರ ಬಗ್ಗೆ ನನಗೆ ಎರಡು ಮಾತಿಲ್ಲ: ಯಾವ ಕಾರಣಕ್ಕೂ ಬೇಡ. ಹಣ ನಿಮ್ಮದಲ್ಲ ಎಂಬ ಸತ್ಯವನ್ನು ಮಗು ಗಾಜಿನ ಮುಂದೆ ನಿಂತು ಮುಚ್ಚಿಡಬೇಕಾಗುತ್ತದೆ. ಸಿಕ್ಕಿಬಿದ್ದರೆ ಆಗುವುದು ಆ ಒಂದು ವೀಸಾದ ನಷ್ಟ ಮಾತ್ರವಲ್ಲ. ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ಕೊಟ್ಟವರಿಗೆ ಅಮೆರಿಕದ ಕಾನೂನು ಜೀವನಪರ್ಯಂತ ಪ್ರವೇಶ ನಿರ್ಬಂಧ ಹಾಕಬಹುದು. 214(ಬಿ)ಯಲ್ಲಿ ನಿರಾಕರಣೆಯಾದವರು ಮುಂದಿನ ತಿಂಗಳೇ ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಆ ದಾರಿಯೂ ಇರುವುದಿಲ್ಲ. ಸೈಟು ಮಾರಿ ನಿಜವಾಗಿಯೇ ದೊಡ್ಡ ಮೊತ್ತ ಬಂದಿದ್ದರೆ ಕ್ರಯಪತ್ರದ ಪ್ರತಿ ಜೊತೆಗಿರಲಿ. ಠೇವಣಿ ಮುರಿದದ್ದಾದರೆ ಅದರ ರಸೀದಿ ಇರಲಿ. ಬಂದ ಮೂಲ ಹೇಳಲು ಸಾಧ್ಯವಿದ್ದರೆ ದೊಡ್ಡ ಜಮೆಗೆ ಹೆದರಬೇಕಾಗಿಲ್ಲ.

ಈ ವ್ಯವಸ್ಥೆಯನ್ನು ನಾನು ಪೂರ್ತಿ ಒಪ್ಪುತ್ತೇನೆ ಎಂದೇನೂ ಅಲ್ಲ. ಎರಡು ನಿಮಿಷದ ಇಂಗ್ಲಿಷ್ ಮಾತಿನಲ್ಲಿ ಒಂದು ಕುಟುಂಬದ ಮೂವತ್ತು ವರ್ಷದ ದುಡಿಮೆಯನ್ನು ಅಳೆಯುವುದು ಕಷ್ಟ. ಪಟಪಟನೆ ಮಾತಾಡುವ ನಗರದ ಹುಡುಗರಿಗೆ ಅದು ಅನುಕೂಲ, ಸಂಕೋಚದ ಸ್ವಭಾವದ ಹಳ್ಳಿಯ ಮಕ್ಕಳಿಗೆ ನಷ್ಟ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನಾನೂ ಸಂತೋಷಪಟ್ಟೆ. ಆದರೆ ವೀಸಾ ಸಂದರ್ಶನ ಅದರ ಜೊತೆಗೇ ಶುರುವಾಗಲಿಲ್ಲ. ಬೀದರಿನ ಹುಡುಗಿಯೊಬ್ಬಳು ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಒಂದು ದಿನ ಎಂದು ಪರರಾಜ್ಯದ ಊರಿನಲ್ಲಿ ತಂಗುವ ಖರ್ಚನ್ನು ಯಾವ ಐ-20ಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಿದ್ದರೂ ನಮ್ಮ ಕೈಯಲ್ಲಿರುವ ಕೆಲಸವನ್ನು ನಾವು ಮಾಡಬಹುದು. ನಮ್ಮ ಮನೆಗಳಲ್ಲಿ ಹಣದ ಮಾತು ಮಕ್ಕಳ ಕಿವಿಗೆ ಬೀಳಬಾರದು ಎಂಬ ರೂಢಿಯಿದೆ. ಅವರು ನಿಶ್ಚಿಂತೆಯಿಂದ ಓದಲಿ ಎಂಬ ಪ್ರೀತಿಯೇ ಅದಕ್ಕೆ ಕಾರಣ. ಕಿಟಕಿಯ ಮುಂದೆ ಆ ಪ್ರೀತಿ ಅವರ ನೆರವಿಗೆ ಬರುವುದಿಲ್ಲ. ನನ್ನ ಬಳಿ ಬಂದ ಮಕ್ಕಳಿಗೆ ನಾನು ಉತ್ತರ ಬರೆದುಕೊಟ್ಟು ಬಾಯಿಪಾಠ ಮಾಡಿಸಿದವನಲ್ಲ. ಮನೆಗೆ ಹೋಗಿ ಅಪ್ಪ ಅಮ್ಮನನ್ನು ಕೇಳಿ ಬಾ ಎಂದು ಕಳಿಸುತ್ತಿದ್ದೆ. ವಾಪಸು ಬಂದ ಒಬ್ಬ ಹುಡುಗ ಹೀಗೆ ಹೇಳಿದ: "ನನ್ನ ತಂದೆ ಅಡಿಕೆ ಬೆಳೆಗಾರರು. ಕಳೆದ ವರ್ಷ ಖರ್ಚು ಕಳೆದು ಹದಿನಾಲ್ಕು ಲಕ್ಷ ಉಳಿದಿದೆ. ಹದಿನೈದು ಲಕ್ಷ ಠೇವಣಿ ಇದೆ, ಬ್ಯಾಂಕ್ ನಲವತ್ತು ಲಕ್ಷ ಸಾಲ ಮಂಜೂರು ಮಾಡಿದೆ. ಎರಡನೇ ವರ್ಷ ಬೇಕಾಗುವ ಉಳಿದ ಹಣ ತೋಟದ ಆದಾಯದಿಂದ, ಶಿವಮೊಗ್ಗದ ಮನೆಯ ಬಾಡಿಗೆಯಿಂದ ಬರುತ್ತದೆ." ಅರ್ಧ ನಿಮಿಷವೂ ಆಗಲಿಲ್ಲ. ಯಾವ ಕನ್ಸಲ್ಟೆನ್ಸಿಯೂ ಕಲಿಸದ ಉತ್ತರ ಅದು, ಏಕೆಂದರೆ ಅದು ಅವನ ಮನೆಯದೇ. ಅಧಿಕಾರಿ ಅಡ್ಡ ಪ್ರಶ್ನೆ ಹಾಕಿದರೂ ಅವನು ತಡವರಿಸಬೇಕಾಗಿಲ್ಲ.

ಹೀಗೆ ಕೂತು ಲೆಕ್ಕ ಹಾಕಿದಾಗ ಕೆಲವು ಮನೆಗಳಲ್ಲಿ ಹಣ ಸಾಲುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಅದು ಚೆನ್ನೈಯಲ್ಲಿ ಗೊತ್ತಾಗುವುದಕ್ಕಿಂತ, ಅಥವಾ ಅಮೆರಿಕಕ್ಕೆ ಹೋಗಿ ಎರಡನೇ ಸೆಮಿಸ್ಟರಿನಲ್ಲಿ ಗೊತ್ತಾಗುವುದಕ್ಕಿಂತ ಮನೆಯಲ್ಲೇ ಗೊತ್ತಾಗುವುದು ಮೇಲು. ಪ್ರವೇಶವನ್ನು ಮುಂದಿನ ಅವಧಿಗೆ ಮುಂದೂಡಲು ಅನೇಕ ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಶುಲ್ಕ ಕಡಿಮೆಯಿರುವ ಸರ್ಕಾರಿ ವಿಶ್ವವಿದ್ಯಾಲಯಗಳು ಅಲ್ಲೂ ಇವೆ, ಜರ್ಮನಿಯಲ್ಲೂ ಇವೆ. ಒಂದು ವರ್ಷ ಇಲ್ಲೇ ಕೆಲಸ ಮಾಡಿ, ಸ್ವಂತ ಉಳಿತಾಯವನ್ನೂ ಸೇರಿಸಿಕೊಂಡು ಹೋದವರು ಯಾರೂ ಹಿಂದೆ ಬಿದ್ದಿಲ್ಲ.

ಈ ಸಲ ಸಂದರ್ಶನಕ್ಕೆ ಮಕ್ಕಳನ್ನು ಕಳಿಸುತ್ತಿರುವ ತಂದೆ ತಾಯಂದಿರಲ್ಲಿ ನನ್ನ ಕೋರಿಕೆ ಒಂದೇ. ಚೆನ್ನೈಗೆ ರೈಲಿನ ಟಿಕೆಟ್ ಮಾಡಿಸುವ ಮೊದಲು ಒಂದು ಭಾನುವಾರ ಐ-20, ಪಾಸ್‌ಬುಕ್, ಸಾಲದ ಮಂಜೂರಾತಿ ಪತ್ರ ಮೂರನ್ನೂ ಎದುರಿಗೆ ಇಟ್ಟುಕೊಂಡು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಸಂಬಳ ಎಷ್ಟು, ಬೆಳೆಯಲ್ಲಿ ಉಳಿದದ್ದೆಷ್ಟು, ಎಲ್ಲೆಲ್ಲಿ ಸಾಲವಿದೆ, ಏನನ್ನು ಅಡವಿಟ್ಟಿದ್ದೀರಿ ಎಂಬುದನ್ನೆಲ್ಲ ಹೇಳಿ. ಅವರು ಕೇಳಿದ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಡಿ.